ನಾಡಿ ಸಿಗದ ಕೈಯಲ್ಲಿ ಬಿಪಿ ನೋಡುವುದು: ಹೃದಯದ ಪಂಪ್ ಇರುವವರಿಗೆ ಡಾಪ್ಲರ್ ವಿಧಾನ

ಮುಳಬಾಗಿಲಿನದೋ ಶ್ರೀನಿವಾಸಪುರದ್ದೋ ತಾಲ್ಲೂಕು ಆಸ್ಪತ್ರೆ ಅಂದುಕೊಳ್ಳಿ. ಎಲ್‌ವ್ಯಾಡ್, ಅಂದರೆ ಹೃದಯದ ಎಡಭಾಗಕ್ಕೆ ಪಂಪ್ ಹಾಕಿಸಿಕೊಂಡ ರೋಗಿ ಬಂದಿದ್ದಾರೆ. ಸೊಂಟಕ್ಕೆ ಕಂಟ್ರೋಲರ್, ಎರಡೂ ಬಗಲಿಗೆ ಬ್ಯಾಟರಿ, ಹೊಟ್ಟೆಯ ಪಕ್ಕದಿಂದ ಹೊರಬಂದ ಒಂದು ವೈರು. ನರ್ಸ್ ಕಫ್ ಸುತ್ತಿ ಬಟನ್ ಒತ್ತುತ್ತಾರೆ. ಯಂತ್ರ ಗಾಳಿ ತುಂಬುತ್ತದೆ, ಇಳಿಸುತ್ತದೆ, ಮತ್ತೆ ತುಂಬುತ್ತದೆ, ಕೊನೆಗೆ ‘ಎರರ್’ ತೋರಿಸುತ್ತದೆ. ಮಣಿಕಟ್ಟು ಹಿಡಿದರೆ ನಾಡಿ ಸಿಗುವುದಿಲ್ಲ. ರೋಗಿ ಮಾತ್ರ ಆರಾಮಾಗಿ ಕೂತು ಮನೆಯ ಮಾವಿನ ತೋಟದ ಸುದ್ದಿ ಹೇಳುತ್ತಿದ್ದಾರೆ.

ಯಂತ್ರ ಕೆಟ್ಟಿಲ್ಲ, ರೋಗಿಗೂ ಏನೂ ಆಗಿಲ್ಲ. ಇಂಥವರ ಬಿಪಿ ನೋಡುವ ದಾರಿಯೇ ಬೇರೆ: ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಡಾಪ್ಲರ್ ಎಂಬ ಸಣ್ಣ ಯಂತ್ರ. ಅದನ್ನು ಕಲಿಯುವುದು ಕಷ್ಟವಲ್ಲ, ಒಂದು ವಾರ ಕೈ ಪಳಗಿದರೆ ಸಾಕು. ಕಷ್ಟ ಇರುವುದು ಬಂದ ಅಂಕಿಯನ್ನು ಏನೆಂದು ಓದಬೇಕು ಅನ್ನುವುದರಲ್ಲಿ. ಅಲ್ಲಿ ತಪ್ಪಿದರೆ ಮಾತ್ರೆ ತಪ್ಪುತ್ತದೆ. ಈ ಬರಹ ಕೋಲಾರ ಜಿಲ್ಲೆಯ ಸ್ಟಾಫ್ ನರ್ಸ್‌ಗಳಿಗೆ, ಡ್ಯೂಟಿ ಡಾಕ್ಟರ್‌ಗಳಿಗೆ, ಜೊತೆಗೆ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ.

ನಾಡಿ ಯಾಕೆ ಸಿಗುವುದಿಲ್ಲ

ಬೀದಿಯ ಕೈಪಂಪು ಒತ್ತಿದಾಗ ನೀರು ಗಳಕ್ ಗಳಕ್ ಎಂದು ಬಿಟ್ಟು ಬಿಟ್ಟು ಬರುತ್ತದೆ. ಬೋರ್‌ವೆಲ್ಲಿಗೆ ಇಳಿಸಿದ ಮೋಟಾರ್ ಹಾಗಲ್ಲ, ಒಂದೇ ಸಮನೆ ಎತ್ತುತ್ತದೆ. ನಮ್ಮ ಹೃದಯ ಕೈಪಂಪಿನಂತೆ, ಎಲ್‌ವ್ಯಾಡ್ ಮೋಟಾರಿನಂತೆ. ಈಗ ಹೆಚ್ಚಾಗಿ ಹಾಕುವ ಹಾರ್ಟ್‌ಮೇಟ್ 3 ಪಂಪ್ ನಿಮಿಷಕ್ಕೆ ಸಾಮಾನ್ಯವಾಗಿ 5000ದಿಂದ 6000 ಸುತ್ತು ತಿರುಗುತ್ತದೆ. ರಕ್ತ ಎಡೆಬಿಡದೆ ಹರಿಯುವುದರಿಂದ ಬಿಪಿಯ ಮೇಲಿನ ಅಂಕಿಗೂ ಕೆಳಗಿನ ಅಂಕಿಗೂ ನಡುವಿನ ಅಂತರ ಕುಗ್ಗುತ್ತದೆ. ನಮ್ಮಲ್ಲಿ ಆ ಅಂತರ 40ರ ಆಸುಪಾಸು. ಇವರಲ್ಲಿ 10, 15, ಕೆಲವರಲ್ಲಿ ಅದಕ್ಕಿಂತಲೂ ಕಡಿಮೆ.

ಬಟನ್ ಒತ್ತುವ ಬಿಪಿ ಯಂತ್ರ ಬದುಕುವುದೇ ಈ ಅಂತರದ ಮೇಲೆ. ಪ್ರತಿ ಬಡಿತಕ್ಕೂ ಕಫ್‌ನೊಳಗಿನ ಗಾಳಿ ಸಣ್ಣಗೆ ಅದುರುತ್ತದೆ. ಆ ಅದುರು ಯಾವಾಗ ಅತಿ ಹೆಚ್ಚು ಎಂದು ಹಿಡಿದು ಸರಾಸರಿ ಒತ್ತಡ ಗುರುತಿಸುತ್ತದೆ. ಮೇಲಿನ, ಕೆಳಗಿನ ಅಂಕಿಗಳನ್ನು ಒಳಗಿನ ಲೆಕ್ಕದಿಂದ ತೆಗೆಯುತ್ತದೆ. ಅದುರೇ ಇಲ್ಲದಿದ್ದರೆ ಅದು ಹಿಡಿಯುವುದಾದರೂ ಏನನ್ನು? ಸ್ಟೆತಾಸ್ಕೋಪ್ ಗತಿಯೂ ಅದೇ. ಮೊಣಕೈ ಮಡಿಕೆಯಲ್ಲಿ ಕೇಳಬೇಕಾದ ಟಕ್ ಟಕ್ ಕೇಳುವುದಿಲ್ಲ. ಎದೆಯ ಮೇಲಿಟ್ಟರೆ ಪಂಪಿನ ಝೇಂಕಾರ ಮಾತ್ರ.

ಬಿಪಿ ನೋಡಲು ಇಷ್ಟೆಲ್ಲ ಒದ್ದಾಡುವುದು ಯಾಕೆಂದರೆ, ಪಂಪಿನ ಹರಿವು ಬಿಪಿಯ ಮೇಲೆಯೇ ನಿಂತಿದೆ. ಅದೇ ಮೋಟಾರ್, ಅದೇ ಕರೆಂಟ್. ನೀರನ್ನು ನೆಲದ ತೊಟ್ಟಿಗೆ ಬಿಟ್ಟರೆ ಪೈಪು ತುಂಬಿ ಬರುತ್ತದೆ, ಮೂರನೇ ಮಹಡಿಯ ಸಿಂಟೆಕ್ಸಿಗೆ ಏರಿಸಿದರೆ ಸಣ್ಣಗಾಗುತ್ತದೆ. ಬಿಪಿ ಏರಿದಾಗ ಎಲ್‌ವ್ಯಾಡ್‌ಗೂ ಹೀಗೇ. ಸುತ್ತು ಅಷ್ಟೇ ಇದ್ದರೂ ಹರಿವು ಇಳಿಯುತ್ತದೆ. ಬಿಪಿ ಏರಿಯೇ ಉಳಿದರೆ ಮೆದುಳಿನಲ್ಲಿ ರಕ್ತಸ್ರಾವ, ಪಾರ್ಶ್ವವಾಯು, ಅಯೋರ್ಟಾ ಕವಾಟ (ಹೃದಯದಿಂದ ಮೈಗೆ ರಕ್ತ ಬಿಡುವ ಬಾಗಿಲು) ಸೋರುವುದು ಇವೆಲ್ಲ ಹತ್ತಿರವಾಗುತ್ತವೆ. ಇವರು ವಾರ್ಫರಿನ್, ಅಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗುವವರು ಅನ್ನುವುದನ್ನೂ ಮರೆಯಬೇಡಿ. ತೀರಾ ಇಳಿದರೆ ಇನ್ನೊಂದು ತೊಂದರೆ: ನೀರಿಲ್ಲದ ಬೋರ್ ಗಾಳಿ ಎಳೆದಂತೆ, ರಕ್ತ ಸಾಲದೆ ಪಂಪ್ ಹೃದಯದ ಗೋಡೆಯನ್ನೇ ಬಾಯಿಗೆ ಎಳೆದುಕೊಳ್ಳಬಹುದು.

ಹಾಗಾಗಿ ನಮಗೆ ಬೇಕಾದ್ದು ಸರಾಸರಿ ಒತ್ತಡ, ವಾರ್ಡಿನಲ್ಲಿ ಎಲ್ಲರೂ ಅನ್ನುವ ‘ಮ್ಯಾಪ್’. ಮುಂದೆ ಬರುವ ಅಂಕಿಗಳೆಲ್ಲ ಪಾದರಸದ ಮಿಲಿಮೀಟರ್ ಲೆಕ್ಕದವು.

ಬೇಕಾದ ಸಾಮಾನು

ಕೈಯಲ್ಲಿ ಹಿಡಿಯುವ ಡಾಪ್ಲರ್, ಪೆನ್ನಿನಂಥ ಪ್ರೋಬ್, 8 ಮೆಗಾಹರ್ಟ್ಸ್. ಕೈ ದಪ್ಪಗಿದ್ದರೆ ಅಥವಾ ಊದಿದ್ದರೆ 5 ಮೆಗಾಹರ್ಟ್ಸ್ ಪ್ರೋಬ್ ಇನ್ನೂ ಸುಲಭ. ಇಲ್ಲೊಂದು ಎಚ್ಚರ. ಹೆರಿಗೆ ವಾರ್ಡಿನಲ್ಲಿ ಮಗುವಿನ ಎದೆಬಡಿತ ಕೇಳುವ ಡಾಪ್ಲರ್ ಎಲ್ಲ ಆಸ್ಪತ್ರೆಯಲ್ಲೂ ಇರುತ್ತದೆ, ‘ಅದೂ ಡಾಪ್ಲರ್ ತಾನೆ’ ಎಂದು ತಂದು ಇಡುವವರಿದ್ದಾರೆ. ಅದು 2 ಅಥವಾ 3 ಮೆಗಾಹರ್ಟ್ಸ್‌ನದು, ಹೊಟ್ಟೆಯ ಆಳಕ್ಕೆ ಮಾಡಿದ್ದು. ಚರ್ಮದ ಕೆಳಗೇ ಇರುವ ಸಣ್ಣ ರಕ್ತನಾಳವನ್ನು ಅದು ಸರಿಯಾಗಿ ಹಿಡಿಯುವುದಿಲ್ಲ. ಸರಿಯಾದದ್ದು ಬೇಕಿದ್ದರೆ ಸರ್ಜರಿ ವಿಭಾಗದಲ್ಲಿ ಕೇಳಿ. ಸಕ್ಕರೆ ಕಾಯಿಲೆಯವರ ಕಾಲಿನ ರಕ್ತ ಸಂಚಾರ ನೋಡಲು ಇಟ್ಟುಕೊಂಡಿರುವ ಡಾಪ್ಲರ್ ನಮ್ಮ ಕೆಲಸಕ್ಕೂ ಆಗುತ್ತದೆ.

ಬಲ್ಬ್ ಒತ್ತಿ ಗಾಳಿ ತುಂಬುವ ಡಯಲ್ ಬಿಪಿ ಮೀಟರ್. ಗಾಳಿಯಿಲ್ಲದಾಗ ಮುಳ್ಳು ಸೊನ್ನೆಯಲ್ಲೇ ಇರಬೇಕು. ಸೋರಿಕೆ ನೋಡಲು ಕಫ್ ಅನ್ನು ಒಂದು ಗಟ್ಟಿ ಬಾಟಲಿಗೆ ಸುತ್ತಿ 200ರವರೆಗೆ ತುಂಬಿ ವಾಲ್ವ್ ಬಿಗಿ ಮಾಡಿ. ಒಂದು ನಿಮಿಷದಲ್ಲಿ 4ಕ್ಕಿಂತ ಹೆಚ್ಚು ಇಳಿಯಬಾರದು. ಇಳಿದರೆ ಟ್ಯೂಬ್, ಬಲ್ಬಿನ ಕಂಠ, ವಾಲ್ವ್ ಈ ಮೂರರಲ್ಲಿ ಒಂದು ಹೋಗಿದೆ.

ಕಫ್ ಅಳತೆ. ಟೈಲರ್ ಟೇಪಿನಿಂದ ಭುಜಕ್ಕೂ ಮೊಣಕೈಗೂ ನಡುವೆ ತೋಳಿನ ಸುತ್ತಳತೆ ತೆಗೆಯಿರಿ. 22ರಿಂದ 26 ಸೆಂಟಿಮೀಟರ್ ಇದ್ದರೆ ಚಿಕ್ಕ ಕಫ್, 27ರಿಂದ 34 ಇದ್ದರೆ ಸಾಮಾನ್ಯ ಕಫ್, 35ರಿಂದ 44 ಇದ್ದರೆ ದೊಡ್ಡದು. ಒಳಗಿನ ರಬ್ಬರ್ ಚೀಲ ತೋಳಿನ ಸುತ್ತಿನ ಶೇ 80ರಷ್ಟಾದರೂ ಆವರಿಸಬೇಕು. ದಪ್ಪ ತೋಳಿಗೆ ಚಿಕ್ಕ ಕಫ್ ಕಟ್ಟಿದರೆ ಒತ್ತಡ ಇಲ್ಲದಷ್ಟು ಹೆಚ್ಚು ತೋರುತ್ತದೆ. ಕಾಯಿಲೆಯಿಂದ ಸೊರಗಿದವರ ತೋಳು ಆಪರೇಷನ್ ಆದ ಆರು ತಿಂಗಳಲ್ಲಿ ಮೈಗೂಡಿ ಅಳತೆ ಬದಲಾಗಬಹುದು, ಆಗ ಮತ್ತೆ ಟೇಪ್ ಹಿಡಿಯಿರಿ.

ಅಲ್ಟ್ರಾಸೌಂಡ್ ಜೆಲ್. ಇಸಿಜಿ ಜೆಲ್ ಬೇಡ, ಅದರ ಉಪ್ಪು ಪ್ರೋಬಿನ ಮುಖ ತಿನ್ನುತ್ತದೆ. ಕೊಬ್ಬರಿ ಎಣ್ಣೆಯೂ ಬೇಡ. ಜೆಲ್ ಮುಗಿದಿದ್ದರೆ ನೀರಿನಲ್ಲಿ ಕರಗುವ ಲೂಬ್ರಿಕೆಂಟ್ ಜೆಲ್ಲಿಯಿಂದ ಆ ಹೊತ್ತಿಗೆ ಕೆಲಸ ನಡೆಯುತ್ತದೆ. ಜೊತೆಗೆ ಚರ್ಮದ ಮೇಲೆ ಗುರುತು ಹಾಕಲು ಒಂದು ಪೆನ್ನು, ಒರೆಸಲು ಮೆತ್ತನೆ ಬಟ್ಟೆ, ಡಾಪ್ಲರ್‌ಗೆ ಹೊಸ ಬ್ಯಾಟರಿ. ಬ್ಯಾಟರಿ ಕುಗ್ಗಿದ ಡಾಪ್ಲರ್ ಪೂರ್ತಿ ಸಾಯುವುದಿಲ್ಲ, ಸದ್ದು ಮಾತ್ರ ಕ್ಷೀಣವಾಗುತ್ತದೆ. ಸದ್ದು ಕ್ಷೀಣವಾದರೆ ನೀವು ಅದನ್ನು ತಡವಾಗಿ ಕೇಳುತ್ತೀರಿ, ಅಂಕಿ ಕಡಿಮೆ ಬರುತ್ತದೆ.

ಕೂರಿಸುವುದು

ಐದು ನಿಮಿಷ ಸುಮ್ಮನೆ ಕೂರಿಸಿ. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಬೇಡ. ಮೂತ್ರಕ್ಕೆ ಹೋಗಿ ಬಂದಿರಲಿ. ಕಾಫಿ, ಟೀ ಕುಡಿದು ಅರ್ಧ ಗಂಟೆಯಾಗಿರಲಿ. ‘ಅಣ್ಣ, ಮುಗಿಯೋವರೆಗೂ ಮಾತಾಡ್ಬೇಡಿ, ಕೈ ಸಡಿಲ ಬಿಡಿ’ ಎಂದು ಮೊದಲೇ ಹೇಳಿ. ಈ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಅವರಿಗೆ ಅರ್ಥವಾಗುವ ಮಾತಿನಲ್ಲೇ ಹೇಳಿ, ತಲೆಯಾಡಿಸಿದರು ಅಂದಮಾತ್ರಕ್ಕೆ ತಿಳಿಯಿತೆಂದಲ್ಲ.

ತೋಳು ಬರಿದಾಗಿರಬೇಕು. ಹೆಂಗಸರ ರವಿಕೆಯ ತೋಳು ಬಿಗಿಯಾಗಿದ್ದರೆ ಅದನ್ನು ಮೇಲಕ್ಕೆ ಸುತ್ತಿ ಕಫ್ ಕಟ್ಟುವುದು ತಪ್ಪು. ಆ ಸುರುಳಿಯೇ ಇನ್ನೊಂದು ಪಟ್ಟಿಯಾಗಿ ತೋಳನ್ನು ಬಿಗಿಯುತ್ತದೆ. ಮರೆ ಮಾಡಿ ಸಡಿಲವಾದ ನೈಟಿಯೋ ಆಸ್ಪತ್ರೆ ಗೌನೋ ಹಾಕಿಸಿ. ಮಣಿಕಟ್ಟಿನಲ್ಲಿ ಕೇಳುವುದಾದರೆ ಬಳೆಗಳನ್ನು, ಕಟ್ಟಿದ ದಾರವನ್ನು ಮೇಲಕ್ಕೆ ಸರಿಸಿ. ಬಳೆ ಒಂದಕ್ಕೊಂದು ತಾಗಿದ ಸದ್ದು ಡಾಪ್ಲರಿನಲ್ಲಿ ಸಿಡಿಲಿನಂತೆ ಕೇಳುತ್ತದೆ. ಡಯಾಲಿಸಿಸ್ ಫಿಸ್ಟುಲಾ (ಡಯಾಲಿಸಿಸಿಗೆಂದು ರಕ್ತನಾಳ ಜೋಡಿಸಿದ ಜಾಗ), ಪಿಕ್ ಲೈನ್ (ಔಷಧಿ ಕೊಡಲು ತೋಳಿನ ರಕ್ತನಾಳಕ್ಕೆ ಹಾಕಿದ ಉದ್ದ ಕೊಳವೆ) ಇರುವ ಕೈ ಮುಟ್ಟಬೇಡಿ.

ಕಫ್ ಹೃದಯದ ಮಟ್ಟದಲ್ಲಿರಲಿ, ಕೈಯನ್ನು ಮೇಜಿನ ಮೇಲೆ ಇರಿಸಿ. ಕಫ್ 10 ಸೆಂಟಿಮೀಟರ್ ಕೆಳಗಿದ್ದರೆ ಸುಮಾರು 8 ಹೆಚ್ಚು, ಮೇಲಿದ್ದರೆ ಅಷ್ಟೇ ಕಡಿಮೆ ಬರುತ್ತದೆ. ಗುರಿ ಇರುವುದೇ 15-20 ಅಂಕಿಗಳ ಅಗಲದಲ್ಲಿ, ಅದರಲ್ಲಿ 8 ಸಣ್ಣದಲ್ಲ. ಪ್ರೋಬ್ ಎಲ್ಲಿದೆ ಅನ್ನುವುದಕ್ಕಿಂತ ಕಫ್ ಎಲ್ಲಿದೆ ಅನ್ನುವುದೇ ಇಲ್ಲಿ ಲೆಕ್ಕ.

ಮೊದಲು ಬೆರಳು, ಆಮೇಲೆ ಡಾಪ್ಲರ್

ಕಫ್ ಕಟ್ಟುವ ಮೊದಲೇ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಕಡೆ, ಮೂರು ಬೆರಳಿಟ್ಟು ಪೂರ್ತಿ ಅರ್ಧ ನಿಮಿಷ ನಾಡಿ ಹುಡುಕಿ. ಸಿಕ್ಕಿತೋ, ಸಿಗಲಿಲ್ಲವೋ, ಕಾಗದದ ಮೇಲೆ ಬರೆದಿಡಿ. ಅವಸರದಲ್ಲಿ ಬಿಟ್ಟುಹೋಗುವ ಹೆಜ್ಜೆ ಇದೇ, ಮುಂದಿನ ಅಂಕಿಗೆ ಅರ್ಥ ಕೊಡುವ ಹೆಜ್ಜೆಯೂ ಇದೇ. ಹೆಬ್ಬೆರಳಿನಿಂದ ನೋಡಬೇಡಿ, ನಿಮ್ಮದೇ ನಾಡಿ ನಿಮಗೆ ಕೇಳುತ್ತದೆ.

ಈಗ ರಕ್ತನಾಳ ಹುಡುಕಬೇಕು. ಬೆರಳಿಗೆ ನಾಡಿ ಸಿಗದವರಲ್ಲಿ ಜಾಗದ ಲೆಕ್ಕವೇ ದಾರಿ. ಮೊಣಕೈ ಮಡಿಕೆಯಲ್ಲಿ ಕೈ ಸ್ವಲ್ಪ ಮಡಿಸಿದಾಗ ಗಟ್ಟಿ ಹುರಿಯಂಥ ಸ್ನಾಯುರಜ್ಜು ಸಿಗುತ್ತದೆ, ಅದರ ಒಳಬದಿಗೆ, ಅಂದರೆ ಮೈಯ ಕಡೆಗೆ ಬ್ರೇಕಿಯಲ್ ನಾಳ ಇದೆ. ಮಣಿಕಟ್ಟಿನಲ್ಲಾದರೆ ಮಡಿಕೆಯಿಂದ ಎರಡು ಬೆರಳು ಮೇಲೆ, ಹೆಬ್ಬೆರಳಿನ ಬದಿಗೆ ರೇಡಿಯಲ್ ನಾಳ. ಎರಡೂ ಸರಿಯೇ. ಮಣಿಕಟ್ಟಿನಲ್ಲಿ ಪ್ರೋಬಿಗೆ ಕಫ್ ಅಡ್ಡ ಬರುವುದಿಲ್ಲ, ಹೊಸಬರಿಗೆ ಅದೇ ಸುಲಭ. ಒಬ್ಬ ರೋಗಿಗೆ ಒಂದೇ ಕೈ, ಒಂದೇ ಜಾಗ ಇಟ್ಟುಕೊಳ್ಳಿ, ಆಗ ನಿನ್ನೆಯ ಅಂಕಿಯ ಜೊತೆ ಇವತ್ತಿನದನ್ನು ಹೋಲಿಸಬಹುದು.

ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಉಂಡೆಯಷ್ಟು ಜೆಲ್ ಹಾಕಿ. ಪ್ರೋಬನ್ನು ನೆಟ್ಟಗೆ ನಿಲ್ಲಿಸಬೇಡಿ. ಚರ್ಮಕ್ಕೆ 45ರಿಂದ 60 ಡಿಗ್ರಿ ಓರೆಯಾಗಿ, ಅದರ ಮೂತಿ ಭುಜದ ಕಡೆ, ಬರುವ ರಕ್ತಕ್ಕೆ ಎದುರಾಗಿ ಇರಲಿ. ನೆಟ್ಟಗೆ ಹಿಡಿದರೆ ಹರಿವಿನ ಸದ್ದೇ ಏಳುವುದಿಲ್ಲ. ನಾಳಕ್ಕೆ ಅಡ್ಡಡ್ಡಲಾಗಿ ಮಿಲಿಮೀಟರ್ ಮಿಲಿಮೀಟರ್ ಸರಿಸುತ್ತಾ ಹೋಗಿ. ಪ್ರೋಬ್ ಜೆಲ್ಲಿನ ಮೇಲೆ ತೇಲುತ್ತಿರಬೇಕು. ಒತ್ತಿ ಹಿಡಿದರೆ ಕಡಿಮೆ ಒತ್ತಡದ ಆ ನಾಳ ನಿಮ್ಮ ಕೈಭಾರಕ್ಕೇ ಮುಚ್ಚಿಕೊಳ್ಳುತ್ತದೆ. ‘ಸದ್ದೇ ಬರ್ತಿಲ್ಲ’ ಅನ್ನುವವರ ಕೈ ನೋಡಿದರೆ ಬಹಳ ಸಲ ಕಾರಣ ಇದು. ಪಕ್ಕದಲ್ಲಿ ಮೊಬೈಲ್ ಇದ್ದರೆ ಕರಕರ ಸದ್ದು ಬರಬಹುದು, ದೂರ ಇಡಿ. ಫ್ಯಾನ್, ಟಿವಿ ನಿಲ್ಲಿಸಿ.

ಸದ್ದಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಬೇರೆ ರೋಗಿಗಳಲ್ಲಿ ಅಪಧಮನಿ ಫುಸ್, ಫುಸ್, ಫುಸ್ ಎಂದು ಬಡಿದು ಬಡಿದು ಕೇಳುತ್ತದೆ. ಅಭಿಧಮನಿ ಗಾಳಿ ಬೀಸಿದಂತೆ ಒಂದೇ ಸಮ. ಆ ಗುರುತಿನಿಂದ ಎರಡನ್ನೂ ಬೇರ್ಪಡಿಸುವುದು ನಮಗೆಲ್ಲ ರೂಢಿ. ಎಲ್‌ವ್ಯಾಡ್ ಇರುವವರಲ್ಲಿ ಆ ಗುರುತೇ ಕೈಕೊಡುತ್ತದೆ. ಇಲ್ಲಿ ಅಪಧಮನಿಯೂ ಒಂದೇ ಸಮನೆ ಸುಂಯ್ ಅನ್ನುತ್ತದೆ, ಕುಕ್ಕರ್ ಸೀಟಿ ಹೊಡೆಯುವ ಮೊದಲು ಹಬೆ ಬಿಡುವಂತೆ. ಅಭಿಧಮನಿಯದು ಅದಕ್ಕಿಂತ ದಪ್ಪ, ಮಂದ, ಉಸಿರಿನ ಜೊತೆ ಏರಿಳಿಯುವ ಸದ್ದು. ಗೊಂದಲವಾದರೆ ಎರಡು ಪರೀಕ್ಷೆ ಮಾಡಿ. ರೋಗಿಗೆ ಮುಷ್ಟಿ ಬಿಗಿದು ಬಿಡಲು ಹೇಳಿ: ಸದ್ದು ಥಟ್ಟನೆ ಭೋರೆಂದು ಏರಿದರೆ ನೀವು ಅಭಿಧಮನಿಯ ಮೇಲಿದ್ದೀರಿ. ಇಲ್ಲವೇ ಕಫ್‌ಗೆ 40ರವರೆಗೆ ಗಾಳಿ ತುಂಬಿ: ಸದ್ದು ಅಲ್ಲೇ ಕಡಿದುಹೋದರೆ ಅದು ಬಹುತೇಕ ಅಭಿಧಮನಿ, ಉಳಿದರೆ ಅಪಧಮನಿ. ಅತಿ ಸ್ಪಷ್ಟ ಸದ್ದು ಬಂದ ಜಾಗಕ್ಕೆ ಪೆನ್ನಿನಿಂದ ಚುಕ್ಕೆ ಇಡಿ.

ಅಳತೆ

1. ಕಫ್ ಕೆಳಗಿನ ಅಂಚು ಮೊಣಕೈ ಮಡಿಕೆಗಿಂತ 2-3 ಸೆಂಟಿಮೀಟರ್ ಮೇಲಿರಲಿ. ಕಫ್ ಒಳಗೆ ಎರಡು ಬೆರಳು ತೂರುವಷ್ಟು ಬಿಗಿ.

2. ಪ್ರೋಬ್ ಹಿಡಿದ ಕೈಯ ಕಿರುಬೆರಳನ್ನು ರೋಗಿಯ ಕೈಗೆ ಊರಿ. ಆಸರೆ ಇಲ್ಲದ ಕೈ ಗಾಳಿ ತುಂಬುವಾಗ ಜಾರುತ್ತದೆ. ಇಬ್ಬರಿದ್ದರೆ ಒಬ್ಬರು ಪ್ರೋಬ್, ಒಬ್ಬರು ಬಲ್ಬ್.

3. ಸದ್ದು ಕೇಳುತ್ತಲೇ ಬೇಗ ಗಾಳಿ ತುಂಬಿ. ಸದ್ದು ನಿಂತ ಮೇಲೆ ಇನ್ನೂ 20-30 ಏರಿಸಿ. ಅಭ್ಯಾಸಬಲದಿಂದ 200ಕ್ಕೆ ಒಯ್ಯಬೇಡಿ, ವಾರ್ಫರಿನ್ ನುಂಗುವವರ ತೋಳು ಬೇಗ ಕಂದುತ್ತದೆ.

4. ವಾಲ್ವ್ ಸಡಿಲಿಸಿ, ಸೆಕೆಂಡಿಗೆ 2ರಂತೆ ಇಳಿಸಿ. ಡಯಲ್‌ನ ಒಂದು ಸಣ್ಣ ಗೆರೆ ಅಂದರೆ 2, ಆದ್ದರಿಂದ ಮುಳ್ಳು ಸೆಕೆಂಡಿಗೆ ಒಂದು ಗೆರೆ ನಡೆಯಬೇಕು.

5. ಸದ್ದು ಮೊದಲು ಮರಳಿದಲ್ಲಿ ಮುಳ್ಳು ಯಾವ ಗೆರೆಯಲ್ಲಿತ್ತೋ ಅದೇ ನಿಮ್ಮ ಅಂಕಿ. ಇನ್ನೂ 10 ಇಳಿಯುವವರೆಗೆ ಕೇಳಿ, ಸದ್ದು ಉಳಿಯಿತೆಂದು ಖಚಿತಪಡಿಸಿಕೊಳ್ಳಿ. ಆಮೇಲೆ ಪೂರ್ತಿ ಗಾಳಿ ಬಿಡಿ.

6. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ. ಎರಡಕ್ಕೂ 5ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೂರನೆಯದನ್ನೂ ತೆಗೆದು ಸರಾಸರಿ ಬರೆಯಿರಿ. ಹೃದಯದ ಲಯ ತಪ್ಪಿದವರಲ್ಲಿ, ಅಂದರೆ ಏಟ್ರಿಯಲ್ ಫಿಬ್ರಿಲೇಷನ್ ಇದ್ದವರಲ್ಲಿ, ಮೂರು ಸಲ ಕಡ್ಡಾಯ.

84 ಬಂದರೆ 84 ಬರೆಯಿರಿ, 80 ಅಥವಾ 90 ಎಂದು ದುಂಡಗೆ ಮಾಡಬೇಡಿ. ಇಳಿಸುವಾಗ ಅನುಮಾನ ಬಂತೆಂದು ನಡುವೆಯೇ ಮತ್ತೆ ಗಾಳಿ ಏರಿಸುವುದೂ ಬೇಡ. ಕೈಯಲ್ಲಿ ರಕ್ತ ಕಟ್ಟಿಕೊಂಡು ಮುಂದಿನ ಅಂಕಿ ಕೆಡುತ್ತದೆ. ಪೂರ್ತಿ ಬಿಟ್ಟು, ನಿಮಿಷ ಕಾದು, ಮೊದಲಿನಿಂದ ಮಾಡಿ.

ಸದ್ದು 40-50ಕ್ಕೇ ನಿಂತುಹೋಯಿತು, ಆದರೆ ರೋಗಿ ಚೆನ್ನಾಗಿದ್ದಾರೆ ಅಂದರೆ ಬಿಪಿ ಬಿದ್ದಿದೆ ಎಂದು ಗಾಬರಿಯಾಗುವ ಮೊದಲು ಗಾಳಿ ಪೂರ್ತಿ ಬಿಡಿ. ಸೊನ್ನೆಗೆ ಬಂದರೂ ಸದ್ದು ಮರಳದಿದ್ದರೆ ಪ್ರೋಬ್ ಜಾರಿದೆ. ಸದ್ದು ತಾನಾಗಿ ಮರಳಿದರೆ ನೀವು ಅಭಿಧಮನಿ ಕೇಳುತ್ತಿದ್ದಿರಬಹುದು, ಮುಷ್ಟಿಯ ಪರೀಕ್ಷೆ ಮಾಡಿ. ಎರಡೂ ಅಲ್ಲ, ಮತ್ತೆ ಮತ್ತೆ ಅದೇ ಅಂಕಿ ಅಂದರೆ ಆಗ ನಂಬಿ, ಫೋನ್ ಕೈಗೆತ್ತಿಕೊಳ್ಳಿ.

ಬಂದ ಅಂಕಿ ಯಾವುದು

ಡಾಪ್ಲರ್ ಕೊಡುವುದು ಒಂದೇ ಅಂಕಿ. ಆ ಅಂಕಿಯ ಹೆಸರು ಮಾತ್ರ ರೋಗಿಯಿಂದ ರೋಗಿಗೆ ಬದಲಾಗುತ್ತದೆ. ಒಬ್ಬರೇ ರೋಗಿಯಲ್ಲೂ ತಿಂಗಳಿಂದ ತಿಂಗಳಿಗೆ ಬದಲಾಗಬಹುದು.

ಬೆರಳಿಗೆ ನಾಡಿ ಸಿಗಲಿಲ್ಲ ಅಂದರೆ ಮೇಲಿನ, ಕೆಳಗಿನ, ಸರಾಸರಿ ಒತ್ತಡ ಮೂರೂ ಹತ್ತಿರ ಹತ್ತಿರ ಇವೆ. ಆಗ ಡಾಪ್ಲರ್ ಅಂಕಿಯನ್ನು ಮ್ಯಾಪ್ ಎಂದೇ ಓದಬಹುದು. ನಾಡಿ ಚೆನ್ನಾಗಿ ಸಿಕ್ಕಿತು ಅಂದರೆ ರೋಗಿಯ ಸ್ವಂತ ಹೃದಯವೂ ತಳ್ಳುತ್ತಿದೆ, ಅಯೋರ್ಟಾ ಕವಾಟ ತೆರೆಯುತ್ತಿದೆ. ಆಗ ಕಫ್ ಕೆಳಗಿನಿಂದ ಮೊದಲು ನುಗ್ಗಿ ಬರುವುದು ಬಡಿತದ ತುದಿ. ಅಂದರೆ ಡಾಪ್ಲರ್ ಅಂಕಿ ಮೇಲಿನ ಒತ್ತಡಕ್ಕೆ ಹತ್ತಿರ, ಮ್ಯಾಪ್ ಅದಕ್ಕಿಂತ ಕೆಳಗಿರುತ್ತದೆ.

ಎರಡು ಕೈ ಪಕ್ಕಪಕ್ಕ ಇಟ್ಟು ನೋಡೋಣ. ಮೊದಲನೆಯವರಿಗೆ ನಾಡಿ ಸಿಕ್ಕಿದೆ, ಡಾಪ್ಲರ್ 104. ಇದನ್ನು ಮ್ಯಾಪ್ ಎಂದುಕೊಂಡರೆ ಬಿಪಿ ವಿಪರೀತ ಹೆಚ್ಚು, ಮಾತ್ರೆ ಏರಿಸಬೇಕು ಅನ್ನಿಸುತ್ತದೆ. ನಾಡಿ ಇರುವುದರಿಂದ ಬಟನ್ ಯಂತ್ರವೂ ಇವರಲ್ಲಿ ಓದಬಲ್ಲದು, ಹಾಕಿ ನೋಡಿ. 102/76 ತೋರಿಸಿತು ಎನ್ನಿ. ಅಂತರ 26, ಅದರ ಮೂರನೇ ಒಂದು ಭಾಗ ಸುಮಾರು 9, ಕೆಳಗಿನ 76ಕ್ಕೆ ಕೂಡಿಸಿದರೆ ಮ್ಯಾಪ್ 85. ಮಾತ್ರೆ ಏರಿಸುವ ಕೆಲಸವೇ ಇಲ್ಲ. ಏರಿಸಿದ್ದರೆ ಎರಡು ದಿನದಲ್ಲಿ ಬಚ್ಚಲುಮನೆಯಲ್ಲಿ ತಲೆಸುತ್ತಿ ಬಿದ್ದು, ವಾರ್ಫರಿನ್ ಮೇಲಿರುವ ತಲೆಗೆ ಪೆಟ್ಟು ಬೀಳಬಹುದಿತ್ತು.

ಎರಡನೆಯವರಿಗೆ ನಾಡಿ ಇಲ್ಲ, ಡಾಪ್ಲರ್ 98. ಮಾಮೂಲಿ ಬಿಪಿ ನೋಡಿ ರೂಢಿಯಾದ ಕಣ್ಣಿಗೆ ‘98 ತಾನೆ, ಕಡಿಮೆಯೇ ಇದೆ, ಇವತ್ತಿನ ಮಾತ್ರೆ ಬಿಡೋಣ’ ಅನ್ನಿಸುವುದು ಸಹಜ. ಆದರೆ ಇವರ 98 ಸರಾಸರಿ ಒತ್ತಡ. ಮಾಮೂಲಿ ಲೆಕ್ಕದಲ್ಲಿ 130/82 ಇರುವವರ ಸರಾಸರಿಯೂ 98ಕ್ಕೆ ಬರುತ್ತದೆ. ಪಂಪ್ ಇರುವವರಿಗೆ ಅದು ಹೆಚ್ಚು, ಪಾರ್ಶ್ವವಾಯುವಿನ ದಾರಿ. ನೋಡಿ, 104 ಸರಿಯಾಗಿತ್ತು, 98 ಅಪಾಯವಾಗಿತ್ತು. ಅದನ್ನು ಹೇಳಿದ್ದು ಮೂರು ಬೆರಳು, ಅರ್ಧ ನಿಮಿಷ.

ಹಾರ್ಟ್‌ಮೇಟ್ 3 ಇರುವವರಲ್ಲಿ ಇನ್ನೊಂದು ಸೂಕ್ಷ್ಮ. ಒಳಗೆ ರಕ್ತ ಹೆಪ್ಪುಗಟ್ಟದಿರಲಿ ಎಂದು ಆ ಪಂಪ್ ಎರಡು ಸೆಕೆಂಡಿಗೊಮ್ಮೆ ತನ್ನ ಸುತ್ತನ್ನು ಕ್ಷಣಕಾಲ ಇಳಿಸಿ, ಏರಿಸಿ, ಮತ್ತೆ ಮೊದಲಿನ ವೇಗಕ್ಕೆ ಬರುತ್ತದೆ. ನಿಮಿಷಕ್ಕೆ 30 ಸಲ. ಡಾಪ್ಲರ್ ಸದ್ದಿನಲ್ಲಿ ಇದು ಸಣ್ಣ ಅಲೆಯಂತೆ ಕೇಳಬಹುದು. ಗಡಿಯಾರ ಹಿಡಿದು ಎಣಿಸಿ. ನಿಮಿಷಕ್ಕೆ 30 ತಪ್ಪದೆ ಬಂದರೆ ಅದು ಪಂಪಿನ ಆಟ, ಹೃದಯದ ಬಡಿತವಲ್ಲ. ಗಾಳಿಯನ್ನು ಅವಸರದಿಂದ ಇಳಿಸಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ. ಸೆಕೆಂಡಿಗೆ 2ರಂತೆ ಇಳಿಸಿದರೆ ಎರಡು ಅಲೆಗಳ ನಡುವೆ 4 ಇಳಿದಿರುತ್ತದೆ, ಸೆಕೆಂಡಿಗೆ 5ರಂತೆ ಬಿಟ್ಟರೆ 10. ಹಳೆಯ ಹಾರ್ಟ್‌ಮೇಟ್ 2 ಪಂಪಿಗೆ ಈ ಅಲೆ ಇಲ್ಲ.

ಬಟನ್ ಯಂತ್ರ ಪೂರ್ತಿ ಬೇಡವೇ

ಬೇಡ ಎಂದಲ್ಲ. ನಾಡಿ ಸಿಗುವವರಲ್ಲಿ ಅದೇ ಮೊದಲು. ಎರಡು ಸಲ ಪ್ರಯತ್ನಿಸಿ, ಓದಿದರೆ ಮ್ಯಾಪ್ ಲೆಕ್ಕ ಹಾಕಿ. ಐಸಿಯು ಮಾನಿಟರ್ ಮ್ಯಾಪ್ ತೋರಿಸುತ್ತದೆ, ಮನೆಯ ಯಂತ್ರ ತೋರಿಸುವುದಿಲ್ಲ. 96/78 ಬಂದರೆ ಅಂತರ 18, ಮೂರನೇ ಭಾಗ 6, ಮ್ಯಾಪ್ 84. ಯಂತ್ರ ತೋರಿಸಿದ ನಾಡಿ ಸಂಖ್ಯೆಯನ್ನೂ ನೋಡಿ. ಇಸಿಜಿಯಲ್ಲಿ 82 ಇದ್ದು ಯಂತ್ರ 45 ಅಂದರೆ ಆ ಬಿಪಿ ನಂಬಬೇಡಿ. ಎರಡು ಸಲ ಎರರ್ ಬಂದ ಮೇಲೆ ಮೂರು, ನಾಲ್ಕು, ಐದು ಎಂದು ಒತ್ತುತ್ತಾ ಹೋಗುವುದರಿಂದ ತೋಳು ನೀಲಿಯಾಗುವುದು ಬಿಟ್ಟು ಏನೂ ಸಿಗುವುದಿಲ್ಲ, ಡಾಪ್ಲರ್ ತೆಗೆಯಿರಿ. ಗಾಳಿಯನ್ನು ತೀರಾ ನಿಧಾನವಾಗಿ ಇಳಿಸುವ ಯಂತ್ರಗಳು ಮಾಮೂಲಿ ಯಂತ್ರಕ್ಕಿಂತ ಹೆಚ್ಚು ಸಲ ಓದಬಲ್ಲವು. ಟೆರುಮೋ ಕಂಪನಿಯ ಎಲೆಮಾನೋ ಎಂಬ ಅಂಥ ಯಂತ್ರವನ್ನು ಎಲ್‌ವ್ಯಾಡ್ ರೋಗಿಗಳಲ್ಲೇ ಪರೀಕ್ಷಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಗಿದೆ.

ಮಣಿಕಟ್ಟಿನ ಬಿಪಿ ಯಂತ್ರ, ವಾಚ್ ಇವುಗಳನ್ನು ದೂರವಿಡಿ. ಬೆರಳಿಗೆ ಹಾಕುವ ಆಕ್ಸಿಮೀಟರಿಗೂ ಬೇಕಾದ್ದು ನಾಡಿಯೇ, ಅದರ ಅಂಕಿಯನ್ನೂ ಅನುಮಾನದಿಂದಲೇ ನೋಡಬೇಕು.

ಬರೆದಿಡುವುದು

ಒಪಿಡಿ ರಿಜಿಸ್ಟರಿನ ಬಿಪಿ ಕಾಲಂ ಎರಡು ಅಂಕಿ ಕೇಳುತ್ತದೆ. ಕಾಲಂ ತುಂಬಲೆಂದು 84/0 ಎಂದೋ 84/60 ಎಂದೋ ಬರೆಯಬೇಡಿ. ಮುಂದೆ ಓದುವವರು ಅದನ್ನು ನಿಜವೆಂದೇ ತಿಳಿಯುತ್ತಾರೆ. ಹೀಗೆ ಬರೆಯಿರಿ: ‘ಬೆಳಿಗ್ಗೆ 7.30, ಮಾತ್ರೆಗೆ ಮೊದಲು, ಕುಳಿತು, ಬಲಗೈ, ಸಾಮಾನ್ಯ ಕಫ್. ಡಾಪ್ಲರ್ 84, ರೇಡಿಯಲ್. ನಾಡಿ ಸಿಗಲಿಲ್ಲ. ವೇಗ 5400, ಹರಿವು 4.2, ಪಿಐ 3.1, ಪವರ್ 4.0.’ ಕೊನೆಯ ನಾಲ್ಕು ಕಂಟ್ರೋಲರ್ ಪರದೆಯಲ್ಲಿ ಸಿಗುತ್ತವೆ. ಪಿಐ ಅಂದರೆ ಪಂಪಿನ ಹರಿವು ಬಡಿತದೊಂದಿಗೆ ಎಷ್ಟು ಏರಿಳಿಯುತ್ತದೆ ಅನ್ನುವ ಅಂಕಿ. ಬಿಪಿ ಏರಿ ಹರಿವು ಇಳಿದಿದ್ದರೆ ಎರಡೂ ಒಂದೇ ಕಥೆ ಹೇಳುತ್ತಿವೆ, ನಿಮ್ಮ ಅಳತೆಯ ಮೇಲೆ ಭರವಸೆ ಇಡಬಹುದು. ತಲೆಸುತ್ತು ಅನ್ನುವವರಿಗೆ ಮಲಗಿದಾಗ, ನಿಂತ ಮೇಲೆ ಎರಡೂ ಬರೆಯಿರಿ. ನಿಲ್ಲಿಸುವಾಗ ಒಬ್ಬರು ಹಿಡಿದುಕೊಂಡಿರಲಿ.

ಮನೆಯಲ್ಲಿ ದಿನವೂ ಒಂದೇ ಹೊತ್ತಿಗೆ ನೋಡಿ. ಹಿಂದಿನ ದಿನ ಉಪ್ಪಿನಕಾಯಿ, ಹಪ್ಪಳ, ಮದುವೆ ಊಟ ಆಗಿದ್ದರೆ ಅದನ್ನೂ ಪಕ್ಕದಲ್ಲಿ ಬರೆಯಿರಿ. ಯಾರನ್ನೂ ಬೈಯಲಿಕ್ಕಲ್ಲ, ಒಂದು ದಿನದ ಏರಿಕೆಗೂ ವಾರದ ಏರಿಕೆಗೂ ವ್ಯತ್ಯಾಸ ತಿಳಿಯಲಿಕ್ಕೆ.

ಯಾವಾಗ ಫೋನ್ ಮಾಡಬೇಕು

ಅಂತರರಾಷ್ಟ್ರೀಯ ಹೃದಯ ಮತ್ತು ಶ್ವಾಸಕೋಶ ಕಸಿ ಸಂಘದ 2013ರ ಮಾರ್ಗಸೂಚಿ ನಾಡಿಯಿಲ್ಲದ ಪಂಪಿನವರಿಗೆ ಮ್ಯಾಪ್ 80 ಅಥವಾ ಅದಕ್ಕಿಂತ ಕಡಿಮೆ ಇರಲಿ ಎಂದಿತ್ತು. ಹೆಚ್ಚಿನ ತಂಡಗಳು 70ರಿಂದ 90ರ ನಡುವೆ ಇಡುತ್ತವೆ. ನಿಮ್ಮ ರೋಗಿಗೆ ಪಂಪ್ ಹಾಕಿದ ತಂಡ ಡಿಸ್ಚಾರ್ಜ್ ಹಾಳೆಯಲ್ಲಿ ಬರೆದ ಗುರಿಯೇ ಅಂತಿಮ. ಆ ಹಾಳೆಯ ಪ್ರತಿ ಒಂದನ್ನು ಬ್ಯಾಟರಿ ಚೀಲದಲ್ಲೂ ಒಂದನ್ನು ತಾಲ್ಲೂಕು ಆಸ್ಪತ್ರೆಯಲ್ಲೂ ಇಡಿ.

ಸರಿಯಾಗಿ ತೆಗೆದ ಎರಡು ಅಳತೆಯಲ್ಲಿ ಮ್ಯಾಪ್ 90 ದಾಟಿದರೆ ಅದೇ ದಿನ ತಂಡಕ್ಕೆ ತಿಳಿಸಿ. 60ಕ್ಕಿಂತ ಕೆಳಗಿದ್ದರೆ, ಹರಿವು ನಿಮಿಷಕ್ಕೆ 2.5 ಲೀಟರಿಗಿಂತ ಇಳಿದು ಕಂಟ್ರೋಲರ್ ಕೂಗಿದರೆ, ಮೂತ್ರ ಕಡಿಮೆಯಾಗಿ ಕೈಕಾಲು ತಣ್ಣಗಾದರೆ ತಕ್ಷಣ ತಿಳಿಸಿ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ಬಿಪಿ ನೋಡುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ. ಮುಳಬಾಗಿಲಿನಿಂದ ಬೆಂಗಳೂರು ಸುಮಾರು 100 ಕಿಲೋಮೀಟರ್. ಹೊರಡುವಾಗ ತುಂಬಿದ ಬದಲಿ ಬ್ಯಾಟರಿಗಳು, ಬದಲಿ ಕಂಟ್ರೋಲರ್ ಜೊತೆಯಲ್ಲೇ ಇರಬೇಕು.

ಎಚ್ಚರ ತಪ್ಪಿ ಬಿದ್ದವರಲ್ಲಿ ನಾಡಿ ಇಲ್ಲ ಅನ್ನುವುದರಿಂದ ಏನೂ ತೀರ್ಮಾನಿಸಲಾಗದು. ಉಸಿರು ನೋಡಿ, ಚರ್ಮದ ಬಣ್ಣ, ಬಿಸುಪು ನೋಡಿ, ಎದೆಯ ಎಡಭಾಗಕ್ಕೆ ಸ್ಟೆತಾಸ್ಕೋಪ್ ಇಟ್ಟು ಝೇಂಕಾರ ಕೇಳಿ. ಝೇಂಕಾರ ಇಲ್ಲದಿದ್ದರೆ ವೈರು, ಬ್ಯಾಟರಿ, ಕಂಟ್ರೋಲರ್ ಜೋಡಣೆ ಮೊದಲು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ 2017ರ ಹೇಳಿಕೆಯಂತೆ, ಪ್ರತಿಕ್ರಿಯೆ ಇಲ್ಲದ, ಉಸಿರಾಟ ಸರಿಯಿಲ್ಲದ ರೋಗಿಯಲ್ಲಿ ಪಂಪ್ ನಿಂತು ಮತ್ತೆ ಹೊರಡದಿದ್ದರೆ ಎದೆ ಒತ್ತುವುದನ್ನು ಆರಂಭಿಸಬೇಕು. ಪಂಪ್ ನಡೆಯುತ್ತಿದ್ದರೂ ಮ್ಯಾಪ್ 50 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹಾಗೇ ಮಾಡಬೇಕು. ಮ್ಯಾಪ್ 50ಕ್ಕಿಂತ ಮೇಲಿದ್ದು ಪಂಪ್ ನಡೆಯುತ್ತಿದ್ದರೆ ಎದೆ ಒತ್ತುವ ಅಗತ್ಯವಿಲ್ಲ, ಸಕ್ಕರೆ ಇಳಿಕೆ, ಪಾರ್ಶ್ವವಾಯು ಮುಂತಾದ ಬೇರೆ ಕಾರಣ ಹುಡುಕಿ. ಆ ಗಳಿಗೆಯಲ್ಲಿ ಡಾಪ್ಲರ್ ಎಲ್ಲಿದೆ ಎಂದು ಕಪಾಟು ತಡಕುವಂತಾಗಬಾರದು. ಅದಕ್ಕೆ ಎಮರ್ಜೆನ್ಸಿ ಟ್ರಾಲಿಯಲ್ಲೇ ಒಂದು ಜಾಗ ಗೊತ್ತು ಮಾಡಿ. ಪ್ರತಿ ಸಲ ಪ್ರೋಬಿನ ಮುಖದ ಜೆಲ್ ಒಣಗುವ ಮೊದಲೇ ಮೆತ್ತನೆ ಬಟ್ಟೆಯಿಂದ ಒರೆಸಿ, ಸ್ವಿಚ್ ಆರಿಸಿ, ಜೆಲ್ ಬಾಟಲಿಯನ್ನು ಅದರ ಪಕ್ಕದಲ್ಲೇ ತಲೆಕೆಳಗಾಗಿ ನಿಲ್ಲಿಸಿ ಇಡಿ.